ಹೆಡ್‌ಫೋನ್ ಪಿನ್ನು ಎಲ್ಲಿ ಚುಚ್ಚಿದ್ದೀಯ ತಮ್ಮಾ?

ಪ್ರಶ್ನೆ: ಅಣ್ಣಾ, ನಮ್ಮನೆ ಸಿದ್ದಾಪುರದಿಂದ ಒಳಗೆ, ಘಟ್ಟದ ಅಂಚಿಗೆ ಇರೋ ಹಳ್ಳಿ. ಅಜ್ಜ ಹಿಂದೆ ಯಕ್ಷಗಾನ ಮೇಳದಲ್ಲಿ ಭಾಗವತಿಕೆ ಮಾಡ್ತಿದ್ರು, ಈಗ 78 ವರ್ಷ, ಸ್ವರ ಇನ್ನೂ ಗಟ್ಟಿ ಇದೆ. ಅವರ ಪದ್ಯ ಎಲ್ಲ ರೆಕಾರ್ಡ್ ಮಾಡಿಡ್ಬೇಕು ಅಂತ ಎರಡು ಇನ್‌ಪುಟ್ಟಿನ ಯುಎಸ್‌ಬಿ ಇಂಟರ್‌ಫೇಸು, ಒಂದು ಕಂಡೆನ್ಸರ್ ಮೈಕು ತಗೊಂಡೆ. ವಿಂಡೋಸ್ ಲ್ಯಾಪ್‌ಟಾಪಿಗೆ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದ್ದೇನೆ. ಮೊದ್ಲು ಅಜ್ಜನ ಪದ್ಯ, ತಾಳ ರೆಕಾರ್ಡ್ ಮಾಡ್ತೇನೆ, ಆಮೇಲೆ ಅದನ್ನ ಕೇಳ್ತಾ ನಾನು ಮದ್ದಳೆ ಬಾರಿಸ್ತೇನೆ. ಹೆಡ್‌ಫೋನಿನ ವಯರು ಗಿಡ್ಡ, ಅದ್ಕೆ ಲ್ಯಾಪ್‌ಟಾಪಿಗೇ ಹಾಕ್ತೇನೆ. ತೊಂದ್ರೆ ಎಂತ ಅಂದ್ರೆ ಮಧ್ಯ ಮಧ್ಯ ಚಟ್ ಚಟ್ ಅಂತ ಬರ್ತದೆ. ಮದ್ದಳೆ ಪದ್ಯಕ್ಕಿಂತ ತಡ ಬೀಳ್ತದೆ, ಎಳೆದು ಕೂರಿಸಿದ್ರೂ ಪದ್ಯ ಮುಗಿಯೋ ಹೊತ್ತಿಗೆ ಮತ್ತೆ ತಪ್ಪಿರ್ತದೆ. ಹೋದ ವಾರದ ಒಂದು ಫೈಲು ಹಾಕಿ ಕೇಳಿಸಿದ್ರೆ ಅಜ್ಜ "ಇದು ನನ್ನ ಶ್ರುತಿ ಅಲ್ದೋ, ಯಾರ್ದೋ ಸ್ವರ" ಅಂದ್ರು. ಜೊತೆಗೆ ಹಿಂದಿಂದ ಗುಂಯ್ ಅನ್ನೋ ಶಬ್ದ ಬೇರೆ. ಈ ಸಾಫ್ಟ್‌ವೇರೇ ಸರಿ ಇಲ್ವಾ? ದುಡ್ಡು ಕೊಟ್ಟು ಬೇರೆ ಯಾವುದು ತಗೊಳ್ಲಿ?

ಉತ್ತರ:

ತಮ್ಮಾ, ಸಾಫ್ಟ್‌ವೇರ್ ತಗೊಳ್ಳೋ ದುಡ್ಡಲ್ಲಿ ಒಂದು ಹೆಡ್‌ಫೋನ್ ಎಕ್ಸ್‌ಟೆನ್ಶನ್ ವಯರು ತಗೋ, ಉಳಿದದ್ದು ಇಟ್ಕೋ. ತಮಾಷೆ ಅಲ್ಲ. ನಿನ್ನ ಪ್ರಶ್ನೆನ ನಾನು ಎರಡು ಸಲ ಓದಿದೆ, ನೀನು ಹೇಳಿದ ನಾಕು ತೊಂದ್ರೆಗಿಂತ ಮಧ್ಯದಲ್ಲಿ ಸುಮ್ನೆ ಹೇಳಿ ಬಿಟ್ಟಿದ್ದೀಯಲ್ಲ, "ವಯರು ಗಿಡ್ಡ, ಅದ್ಕೆ ಲ್ಯಾಪ್‌ಟಾಪಿಗೇ ಹಾಕ್ತೇನೆ" ಅಂತ, ಕಳ್ಳ ಅಲ್ಲೇ ಕೂತಿದಾನೆ. ಹೆಂಗೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಚಾ ಇಟ್ಕೊಂಡು ಓದು.

ಇಂಟರ್‌ಫೇಸ್ ಅನ್ನೋ ಪೆಟ್ಟಿಗೆ ಇದೆಯಲ್ಲ, ಅದು ಮೈಕಿನ ಪಿನ್ನು ಚುಚ್ಚೋಕೆ ಮಾತ್ರ ಅಲ್ಲ. ಅದು ಒಂದು ಪೂರ್ತಿ ಸೌಂಡ್ ಕಾರ್ಡು, ಒಳಗೆ ತರೋದೂ ಅದೇ, ಹೊರಗೆ ಕೇಳಿಸೋದೂ ಅದೇ. ಅದರ ಜೊತೆ ಬರೋ ಆಸಿಯೋ (ASIO) ಅನ್ನೋ, ರೆಕಾರ್ಡಿಂಗಿಗೆ ಅಂತ್ಲೇ ಇರೋ ಡ್ರೈವರ್ ಹಾಕಿದ್ರೆ ರೀಪರಿನ ಶಬ್ದ ಆ ಪೆಟ್ಟಿಗೆ ಬಿಟ್ಟು ಬೇರೆ ಕಡೆ ಬರೋದೇ ಇಲ್ಲ. ನಿಂಗೆ ಲ್ಯಾಪ್‌ಟಾಪಿನ ತೂತಲ್ಲಿ ಶಬ್ದ ಬರ್ತಾ ಇದೆ. ಅಂದ್ರೆ ನೀನು ಆಸಿಯೋ ಆರಿಸಿಲ್ಲ, ವಿಂಡೋಸಿನ ಸ್ವಂತ ಡ್ರೈವರಲ್ಲಿ ಒಳಗೆ ಬರೋದಕ್ಕೆ ಇಂಟರ್‌ಫೇಸು, ಹೊರಗೆ ಹೋಗೋದಕ್ಕೆ ಲ್ಯಾಪ್‌ಟಾಪಿನ ಸ್ಪೀಕರ್ ಅಂತ ಎರಡು ಬೇರೆ ಬೇರೆ ಹೆಸ್ರು ಆರಿಸಿದ್ದೀಯ. ಇಲ್ಲಾ ಅಂದ್ರೆ ಎರಡನ್ನೂ ಒಟ್ಟಿಗೆ ಕಟ್ಟೋ ಯಾವ್ದೋ ಪುಕ್ಕಟೆ ಡ್ರೈವರ್ ಹಾಕ್ಕೊಂಡಿದ್ದೀಯ. ಎರಡೂ ಒಂದೇ ಕಥೆ.

ಈಗ ಕೇಳು. ಡಿಜಿಟಲ್ ರೆಕಾರ್ಡಿಂಗ್ ಅಂದ್ರೆ ಶಬ್ದನ ಸೆಕೆಂಡಿಗೆ 48,000 ಸಲ ಅಳೆದು ಬರ್ಕೊಳ್ಳೋದು (44,100 ಇಟ್ಟಿದ್ರೆ ಅಷ್ಟು ಸಲ). ಈ ಎಣಿಕೆಗೆ ಒಳಗೆ ಒಂದು ಗಡಿಯಾರ ಇರ್ತದೆ. ಇಂಟರ್‌ಫೇಸಿಗೆ ಅದರದ್ದೇ ಗಡಿಯಾರ, ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಅದರದ್ದು. ಎರಡೂ 48,000 ಅಂತ್ಲೇ ಹೇಳ್ತವೆ, ಆದ್ರೆ ನಿಮ್ಮನೆ ಗೋಡೆ ಗಡಿಯಾರ ನಮ್ಮನೆ ಗೋಡೆ ಗಡಿಯಾರ ಇದ್ದ ಹಾಗೆ, ಒಂದು ಚೂರು ಮುಂದೆ, ಒಂದು ಚೂರು ಹಿಂದೆ. ಹತ್ತು ಲಕ್ಷದಲ್ಲಿ ಬರೀ 50 ಪಾಲು ವ್ಯತ್ಯಾಸ ಇದ್ರೂ ಹತ್ತು ನಿಮಿಷದ ಪದ್ಯ ಮುಗಿಯೋ ಹೊತ್ತಿಗೆ 30 ಮಿಲಿಸೆಕೆಂಡ್ ಆಚೆ ಈಚೆ ಆಗಿರ್ತದೆ. ನಾಳೆ ಯಾರಾದ್ರೂ ಕೇಳಿದ್ರೆ ಮದ್ದಳೆಯವನಿಗೆ ನಿದ್ರೆ ಬಂದಿತ್ತು ಅಂತಾರೆ, ಪಾಪ ನಿಂದೆಂತ ತಪ್ಪಿಲ್ಲ. ನೀನು ಎಳೆದು ಕೂರಿಸಿದ್ರೂ ಕೊನೆಗೆ ಮತ್ತೆ ತಪ್ತದೆ ಅಂದೆಯಲ್ಲ, ಆ ಒಂದು ಮಾತೇ ಸಾಕು. ತಡ ಎಲ್ಲಾ ಕಡೆ ಒಂದೇ ಅಳತೆ ಇದ್ರೆ ಅದು ಲೇಟೆನ್ಸಿ, ಸರಿಸಿ ಕೂರಿಸಿದ್ರೆ ಮುಗೀತು. ಹೋಗ್ತಾ ಹೋಗ್ತಾ ಜಾಸ್ತಿ ಆಗ್ತದೆ ಅಂದ್ರೆ ಎರಡು ಗಡಿಯಾರ.

ಚಟ್ ಚಟ್ ಬರೋದಕ್ಕೂ ಇದೇ ಒಂದು ಕಾರಣ. ಆದ್ರೆ ಚಟಚಟಕ್ಕೆ ಇನ್ನೂ ಕಾರಣ ಇರ್ಬಹುದು, ಅದನ್ನ ಊಹೆ ಮಾಡ್ತಾ ಕೂರ್ಬೇಡ, ಹಿಡಿಯೋ ದಾರಿ ಹೇಳ್ತೇನೆ.

ಚಟ್ ಅಂದ ಜಾಗ ಗುರುತು ಹಾಕ್ಕೊಂಡು ಅದನ್ನೇ ಮೂರು ಸಲ ಪ್ಲೇ ಮಾಡು. ಮೂರು ಸಲಾನೂ ಅದೇ ಅಕ್ಷರದ ಮೇಲೆ ಚಟ್ ಅಂದ್ರೆ ಅದು ಫೈಲೊಳಗೇ ಸೇರಿ ಹೋಗಿದೆ. ಒಂದ್ಸಲ ಇಲ್ಲಿ, ಇನ್ನೊಂದ್ಸಲ ಅಲ್ಲಿ ಬಂದ್ರೆ ಫೈಲು ಚೊಲೋ ಇದೆ, ಕೇಳಿಸೋವಾಗ ಮಾತ್ರ ಲ್ಯಾಪ್‌ಟಾಪು ಏದುಸಿರು ಬಿಡ್ತಾ ಇದೆ ಅಂತ ಅರ್ಥ. ಫೈಲೊಳಗೇ ಇದ್ರೆ ಆ ಜಾಗನ ಮೌಸ್ ಚಕ್ರ ತಿರುಗಿಸಿ ಪೂರ್ತಿ ದೊಡ್ಡದು ಮಾಡಿ ನೋಡು, ಅಲೆ ಗೆರೆ ಕಾಣ್ಬೇಕು ಅಷ್ಟು. ಅಲೆಯ ತಲೆ ಕತ್ತಿಯಿಂದ ಸವರಿದ ಹಾಗೆ ಚಪ್ಪಟೆ ಇದ್ರೆ ಗೇನ್, ಅಂದ್ರೆ ಮೈಕಿನ ಶಬ್ದ ಏರಿಸೋದು, ಜಾಸ್ತಿ ಆಗಿದೆ, ಅಜ್ಜ ಏರು ಪದ್ಯ ಎತ್ತಿದಾಗ ಮಾತ್ರ ಆಗ್ತದೆ ಅದು. ಅಲೆ ಸರಿ ಹೋಗ್ತಾ ಇದ್ದದ್ದು ಇದ್ದಕ್ಕಿದ್ದ ಹಾಗೆ ಕಡಿದು ಮೆಟ್ಲು ಹಾರಿದ ಹಾಗೆ ಬೇರೆ ಕಡೆ ಶುರು ಆಗಿದ್ರೆ ಮಧ್ಯದ ತುಂಡು ಬಿದ್ದೇ ಹೋಗಿದೆ, ಬಫರ್ ತೊಂದ್ರೆ. ಎರಡೂ ಅಲ್ದೆ ಎಲ್ಲೆಲ್ಲೋ ಮುಳ್ಳಿನ ಹಾಗೆ ಒಂದೊಂದು ಗೆರೆ ಎದ್ದಿದ್ರೆ ಕೇಬಲ್ ಅಲ್ಲಾಡಿಸಿ ನೋಡು. ಕುಮಟಾ ಹೊನ್ನಾವರ ಕಡೆಯವರಾದ್ರೆ ಮೊದ್ಲು ಪಿನ್ನೇ ನೋಡಿ ಅಂತೇನೆ, ಉಪ್ಪು ಗಾಳಿಗೆ ವರ್ಷದೊಳಗೆ ಹಸಿರು ಕಿಲುಬು ಹಿಡೀತದೆ. ನಿಮ್ಮಲ್ಲಿ ಉಪ್ಪಿಲ್ಲ, ಆದ್ರೆ ಮಳೆಗಾಲದ ಥಂಡಿ ಇದೆ.

ಬಫರ್ ಅಂದ್ರೆ ಎಂತ ಅಂತ ಎಲ್ರೂ ಕೇಳ್ತಾರೆ. ಮನೇಲಿ ಬಾವಿಯಿಂದ ನೀರು ಸೇದಿ ಅಡುಗೆ ಮನೆ ಕೊಡ ತುಂಬ್ಸೋದು ನೆನಪು ಮಾಡ್ಕೋ. ಒಳಗೆ ಅಮ್ಮ ಒಂದೇ ಸಮ ನೀರು ಖರ್ಚು ಮಾಡ್ತಾ ಇದ್ದಾರೆ, ಕೊಡ ಖಾಲಿ ಆಗೋದ್ರೊಳಗೆ ನೀನು ಇನ್ನೊಂದು ಬಿಂದಿಗೆ ತಂದು ಹೊಯ್ಬೇಕು. ಕೊಡ ಚಿಕ್ಕದಾದ್ರೆ ನೀರು ತಾಜಾ, ಆದ್ರೆ ಓಡಾಟ ಜಾಸ್ತಿ, ಮಧ್ಯ ಯಾರೋ ದಣಪೆ (ಬೇಲಿ ಗೇಟು) ಹತ್ರ ನಿಂತು ಮಾತಾಡ್ಸಿದ್ರೆ ಒಳಗೆ ಕೊಡ ಬರಿದು, ಅದೇ ಚಟ್. ಕೊಡ ದೊಡ್ಡದಾದ್ರೆ ನಿಂಗೆ ಪುರುಸೊತ್ತು, ಆದ್ರೆ ನೀರು ತಡ. 48,000ದಲ್ಲಿ 128 ಸ್ಯಾಂಪಲ್ (ಅಳತೆ) ಬಫರ್ ಅಂದ್ರೆ 2.7 ಮಿಲಿಸೆಕೆಂಡಿನ ಕೊಡ, 512 ಅಂದ್ರೆ 10.7, 1024 ಅಂದ್ರೆ 21.3. ಹೋಗೋವಾಗೊಂದು ಬರೋವಾಗೊಂದು, ಮೇಲಿಂದ ಪೆಟ್ಟಿಗೆ ಸ್ವಂತಕ್ಕೆ ತಗೊಳ್ಳೋ ಚೂರು ಸಮಯ, ಹಾಗಾಗಿ ನಿಜವಾಗಿ ಕಿವಿಗೆ ಬೀಳೋ ತಡ ಇದರ ಎರಡು ಪಟ್ಟಿಗಿಂತ ಜಾಸ್ತಿನೇ. ಇಷ್ಟೆಲ್ಲ ಹೇಳಿದ್ಮೇಲೆ ಹೆದ್ರಬೇಡ, ಗಾಳಿಲಿ ಶಬ್ದ ಒಂದು ಮೀಟರ್ ದಾಟೋಕೇ ಸುಮಾರು 3 ಮಿಲಿಸೆಕೆಂಡ್ ಬೇಕು. ರಂಗಸ್ಥಳದಲ್ಲಿ ಭಾಗವತ್ರಿಂದ ಎರಡು ಮೀಟರ್ ಆಚೆ ನಿಂತ ಚಂಡೆಯವನಿಗೆ ಪದ್ಯ 6 ಮಿಲಿಸೆಕೆಂಡ್ ತಡ ಆಗೇ ಕೇಳೋದು, ಆಟ ನಿಂತು ಹೋಗಿದೆಯಾ?

ಸರಿ, ಈಗ ಕೆಲಸಕ್ಕೆ ಬಾ. ಇಂಟರ್‌ಫೇಸ್ ಮಾಡಿದ ಕಂಪನಿಯ ಸೈಟಿಂದ ಅದೇ ಮಾಡೆಲಿನ ಡ್ರೈವರ್ ಇಳಿಸ್ಕೊಂಡು ಹಾಕು, ಲ್ಯಾಪ್‌ಟಾಪ್ ಒಂದ್ಸಲ ಆಫ್ ಮಾಡಿ ಆನ್ ಮಾಡು. ರೀಪರಲ್ಲಿ ಕಂಟ್ರೋಲ್ ಪಿ ಒತ್ತಿದ್ರೆ ಪ್ರಿಫರೆನ್ಸಸ್ ಬರ್ತದೆ, ಅದ್ರಲ್ಲಿ ಆಡಿಯೋ ಕೆಳಗೆ ಡಿವೈಸ್. ಮೇಲೆ ಆಡಿಯೋ ಸಿಸ್ಟಮ್ ಅಂತ ಇರೋದನ್ನ ಆಸಿಯೋ ಮಾಡಿ ಕೆಳಗೆ ನಿನ್ನ ಪೆಟ್ಟಿಗೆ ಹೆಸರೇ ಇರೋ ಡ್ರೈವರ್ ಆರಿಸು. ಹೆಡ್‌ಫೋನ್ ಪಿನ್ನು ಇಂಟರ್‌ಫೇಸಿಗೆ ಚುಚ್ಚು. ಆ ತೂತು ದಪ್ಪ ಇರ್ತದೆ, ಕಾಲಿಂಚಿನ ಕನ್ವರ್ಟರ್ ಪಿನ್ನು ಬೇಕು, ಸಿರ್ಸಿ ಪೇಟೆಲಿ ಯಾವ ರೇಡಿಯೋ ರಿಪೇರಿ ಅಂಗಡಿಲಿ ಕೇಳಿದ್ರೂ ಸಿಗ್ತದೆ. ಇಷ್ಟು ಮಾಡಿದ್ರೆ ಗಡಿಯಾರ ಒಂದೇ ಆಯ್ತು. ನನ್ನ ಅಂದಾಜು ಸರಿ ಆದ್ರೆ ನಿನ್ನ ಅರ್ಧ ರಗಳೆ ಇಲ್ಲಿಗೇ ಮುಗೀತದೆ.

ಆಮೇಲೆ ಆ ಪೆಟ್ಟಿಗೆ ಮುಖದ ಮೇಲೆ ಡೈರೆಕ್ಟ್ ಮಾನಿಟರ್ ಅಂತ ಒಂದು ಬಟನ್ನೋ ತಿರುಗಿಸೋ ನಾಬೋ ಇರ್ತದೆ ನೋಡು. ಅದನ್ನ ಹಾಕಿದ್ರೆ ಮೈಕಿನ ಶಬ್ದ ಲ್ಯಾಪ್‌ಟಾಪಿಗೆ ಹೋಗಿ ವಾಪಸ್ ಬರೋವರೆಗೆ ಕಾಯದೆ ಪೆಟ್ಟಿಗೆಯಿಂದ್ಲೇ ಸೀದಾ ಕಿವಿಗೆ ಬರ್ತದೆ. ಹೀಗೆ ಮಾಡಿದ್ಮೇಲೆ ರೀಪರಿನ ಟ್ರ್ಯಾಕಲ್ಲಿ ರೆಕಾರ್ಡ್ ಮಾನಿಟರಿಂಗ್ ಬಂದ್ ಮಾಡು, ಇಲ್ಲಾ ಅಂದ್ರೆ ಎರಡೆರಡು ಸಲ ಕೇಳಿ ಗುಹೆಲಿ ಕೂತ ಹಾಗೆ ಆಗ್ತದೆ. ಇದರ ದೊಡ್ಡ ಲಾಭ ಏನು ಗೊತ್ತಾ, ನಿನ್ನ ಕಿವಿಗೆ ತಡ ಇಲ್ಲ ಅಂದ್ಮೇಲೆ ಚಿಕ್ಕ ಬಫರ್ ಇಟ್ಟು ಲ್ಯಾಪ್‌ಟಾಪಿನ ಜೀವ ತಿನ್ನೋ ಅಗತ್ಯ ಇಲ್ಲ. 512 ಇಡು, ಆರಾಮಾಗಿ ರೆಕಾರ್ಡ್ ಮಾಡು. ಎಲ್ಲಾ ಕಡೆ "ರೆಕಾರ್ಡ್ ಮಾಡೋವಾಗ 64 ಇಡಿ, 128 ಇಡಿ" ಅಂತ ಬರೀತಾರಲ್ಲ, ಅದು ಗಿಟಾರಿಗೆ ಸಾಫ್ಟ್‌ವೇರಲ್ಲಿ ಎಫೆಕ್ಟ್ ಹಾಕಿ ಕೇಳ್ತಾ ನುಡಿಸೋರಿಗೆ. ಅಜ್ಜಂಗೆ ಎಂತಾ ಎಫೆಕ್ಟ್.

ಇಷ್ಟಾದ್ರೂ ಚಟ್ ಅಂದ್ರೆ ಲ್ಯಾಪ್‌ಟಾಪಲ್ಲಿ ಯಾರೋ ದಣಪೆ ಹತ್ರ ನಿಲ್ಲಿಸಿ ಮಾತಾಡಿಸ್ತಾ ಇದ್ದಾರೆ. ವೈಫೈ, ಬ್ಲೂಟೂತ್ ಎರಡೂ ಬಂದ್ ಮಾಡಿ ನೋಡು, ನಾನು ನೋಡಿದ ಹತ್ತರಲ್ಲಿ ಆರೇಳು ಲ್ಯಾಪ್‌ಟಾಪಿಗೆ ವೈಫೈ ಡ್ರೈವರೇ ಶನಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಮಾಡು, ಅದ್ರೊಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇರೋದನ್ನ ತೆಗಿ. ಯುಎಸ್‌ಬಿ ಹಬ್ ಬೇಡ, ಸೀದಾ ಚುಚ್ಚು. ಲೇಟೆನ್ಸಿಮಾನ್ ಅಂತ ಒಂದು ಪುಕ್ಕಟೆ ಪ್ರೋಗ್ರಾಮ್ ಸಿಗ್ತದೆ, ಅದನ್ನ ಹತ್ತು ನಿಮಿಷ ಓಡ್ಲಿಕ್ಕೆ ಬಿಟ್ರೆ ಯಾವ ಡ್ರೈವರ್ ದಾರಿ ಕಟ್ತಾ ಇದೆ ಅಂತ ಹೆಸ್ರು ಹಿಡಿದು ಹೇಳ್ತದೆ.

ಮದ್ದಳೆ ತಡ ಇನ್ನೂ ಚೂರು ಉಳಿದ್ರೆ ಅಳೆದು ನೋಡು. ಹಳೇ ಟ್ರ್ಯಾಕಲ್ಲಿ ಅಜ್ಜನ ತಾಳದ ಒಂದೇ ಒಂದು ಟಿಣ್ ಇರೋ ಜಾಗ ಹುಡುಕು, ಹೆಡ್‌ಫೋನಿನ ಒಂದು ಕಿವಿಯನ್ನ ಮೈಕಿಗೆ ಅಂಟಿಸಿ ಹಿಡಿದು, ಹೊಸಾ ಟ್ರ್ಯಾಕಲ್ಲಿ ಆ ಟಿಣ್ ರೆಕಾರ್ಡ್ ಮಾಡು. ಡೈರೆಕ್ಟ್ ಮಾನಿಟರ್ ಮಾತ್ರ ಆಗ ಬಂದ್ ಇರ್ಲಿ, ಇಲ್ಲಾ ಅಂದ್ರೆ ಕೂಗ್ತದೆ. ಈಗ ಮೇಲಿನ ಟಿಣ್, ಕೆಳಗಿನ ಟಿಣ್ ಒಂದರ ಕೆಳಗೊಂದು ಇರ್ಬೇಕು. ಇಲ್ದಿದ್ರೆ ಎಷ್ಟು ಮಿಲಿಸೆಕೆಂಡ್ ಅಂತರ ಅಂತ ನೋಡಿ ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಆಫ್‌ಸೆಟ್ ಅಂತ ಒಂದು ಜಾಗ ಇದೆ, ಅಲ್ಲಿ ಬರಿ, ಮತ್ತೆ ಅಳೆ. ಆಡಾಸಿಟಿ ಅನ್ನೋ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸೋರಿಗೂ ಲೇಟೆನ್ಸಿ ಕಾಂಪೆನ್ಸೇಶನ್ ಅಂತ ಇದೇ ಜಾಗ ಇದೆ, ಅದರಲ್ಲಿ ಮೊದ್ಲಿಗೇ ಮೈನಸ್ 130 ಮಿಲಿಸೆಕೆಂಡ್ ಅಂತ ಬರ್ದಿರ್ತದೆ. ಅದು ಅಂದಾಜಿನ ಲೆಕ್ಕ, ನಿಮ್ಮ ಲ್ಯಾಪ್‌ಟಾಪಿಗೆ ಸರಿ ಇರ್ಬೇಕು ಅಂತ ಇಲ್ಲ. ಆಡಾಸಿಟಿ ಬಗ್ಗೆ ನಂಗೆ ಗೌರವ ಇದೆ, 2000ದಲ್ಲಿ ಬಂದದ್ದು, ಇವತ್ತಿಗೂ ಪುಕ್ಕಟೆ, ನಾನೂ ಅದ್ರಲ್ಲೇ ಕಲ್ತದ್ದು.

ಇನ್ನು ಅಜ್ಜನ ಶ್ರುತಿ. ನಿಮ್ಮಜ್ಜನ ಕಿವಿಗೆ ಒಂದು ನಮಸ್ಕಾರ ಹೇಳು. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಅದು ಅವರ ಶ್ರುತಿ ಅಲ್ಲ. ಎಂತ ಆಗಿದೆ ಅಂದ್ರೆ ಆ ದಿನ ಇಂಟರ್‌ಫೇಸು 48,000ದಲ್ಲಿ ಓಡ್ತಾ ಇತ್ತು, ಸಾಫ್ಟ್‌ವೇರು 44,100 ಅಂತ ನಂಬ್ಕೊಂಡು ಫೈಲಿಗೆ ಹಾಗೇ ಚೀಟಿ ಅಂಟಿಸ್ತು. ಸೆಕೆಂಡಿಗೆ 48,000 ಅಳತೆ ತುಂಬಿದ್ದನ್ನ ಈಗ ಸೆಕೆಂಡಿಗೆ 44,100ರ ಹಾಗೆ ಬಿಚ್ಚಿ ಓದ್ತಾ ಇದೆ, ಹಾಗಾಗಿ ಪದ್ಯ ನಿಧಾನ, ಸ್ವರ ದಪ್ಪ. ಎಷ್ಟು ಇಳೀತದೆ ಅಂದ್ರೆ ಹಾರ್ಮೋನಿಯಮ್ಮಿನ ಹತ್ತತ್ರ ಒಂದೂವರೆ ಮನೆ. ಅಜ್ಜ ಕಪ್ಪು ಒಂದರಲ್ಲಿ ಹೇಳಿದ್ರೆ ಅದು ಬಿಳಿ ಒಂದಕ್ಕೂ ಬಿಳಿ ಏಳಕ್ಕೂ ನಡುವೆ ಎಲ್ಲೋ ತೂಗಾಡ್ತಾ ಇರ್ತದೆ, ಯಾವ ಶ್ರುತಿ ಪೆಟ್ಟಿಗೆಗೂ ಕೂರೋದಿಲ್ಲ. ಇದನ್ನ ಪರೀಕ್ಷೆ ಮಾಡ್ಬೇಕಾದ್ರೆ ಮನೆ ಶ್ರುತಿ ಪೆಟ್ಟಿಗೆ ಹಿಡ್ಕೊಂಡು ಫೈಲಿನ ಜೊತೆ ಬಿಡು, ಗೊತ್ತಾಗಿ ಹೋಗ್ತದೆ. ಅದೇ ಉಲ್ಟಾ ಆಗಿ ಸ್ವರ ಏರಿ ಹುಡುಗಿ ಸ್ವರದ ಹಾಗೆ ಆದ್ರೆ, 44,100ರಲ್ಲಿ ತುಂಬಿದ್ದನ್ನ 48,000ದ ಹಾಗೆ ಬಿಚ್ತಾ ಇದೆ.

ಬೇಜಾರು ಮಾಡ್ಬೇಡ, ಆ ಫೈಲು ಹಾಳಾಗಿಲ್ಲ, ಚೀಟಿ ಮಾತ್ರ ತಪ್ಪು. ರೀಪರಲ್ಲಿ ಆ ಐಟಮ್ಮಿನ ಮೇಲೆ ಎಫ್2 ಒತ್ತು, ಪ್ಲೇಬ್ಯಾಕ್ ರೇಟ್ ಅಂತ ಇರೋದಕ್ಕೆ 1.088435 ಅಂತ ಬರಿ (48,000ನ 44,100ರಿಂದ ಭಾಗಿಸಿದ್ರೆ ಬರೋ ಲೆಕ್ಕ), ಪಕ್ಕದಲ್ಲಿ ಪ್ರಿಸರ್ವ್ ಪಿಚ್ ಅಂತ ಇರೋ ಟಿಕ್ ತೆಗಿ. ಆ ಟಿಕ್ ತೆಗೀದೆ ಇದ್ರೆ ವೇಗ ಮಾತ್ರ ಸರಿ ಆಗ್ತದೆ, ಶ್ರುತಿ ಅಲ್ಲೇ ಇರ್ತದೆ, ಅಜ್ಜ ಮತ್ತೆ ಬಯ್ತಾರೆ. ಆಡಾಸಿಟಿಲಿ ಇನ್ನೂ ಸುಲಭ, ಟ್ರ್ಯಾಕಿನ ಹೆಸರಿನ ಮೆನುವಲ್ಲಿ ರೇಟ್ ಅಂತ ಹೋಗಿ 48,000 ಆರಿಸಿದ್ರೆ ಆಯ್ತು. ಮುಂದೆ ಹೀಗೆ ಆಗ್ಬಾರ್ದು ಅಂದ್ರೆ ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲ್ಲು, ವಿಂಡೋಸಿನ ಸೌಂಡ್ ಸೆಟ್ಟಿಂಗು, ರೀಪರಿನ ಪ್ರಾಜೆಕ್ಟ್ ಸೆಟ್ಟಿಂಗು (ಆಲ್ಟ್ ಎಂಟರ್), ಮೂರರಲ್ಲೂ 48,000 ಇಟ್ಟು ಬಿಡು. ವಿಡಿಯೋ ಮಾಡೋದಿದ್ರೂ ಅದೇ ಬೇಕು. ಪ್ರತಿ ಅಳತೆಯ ಸೂಕ್ಷ್ಮ 24 ಬಿಟ್ ಇರ್ಲಿ. ಎರಡು ಟ್ರ್ಯಾಕಿಗೆ ಗಂಟೆಗೆ ಹೆಚ್ಚೂ ಕಮ್ಮಿ 1 ಜಿಬಿ ಆಗ್ತದೆ.

ಜಿಬಿ ಅಂದ ಕೂಡ್ಲೆ ನನ್ನದೊಂದು ಹಳೇ ಕಥೆ. ಒಂದು ರಾತ್ರಿ ತಾಳಮದ್ದಳೆ, ಸ್ಟೀರಿಯೋ ಒಂದೇ ಫೈಲು, ಎಕ್ಸ್‌ಟರ್ನಲ್ ಡಿಸ್ಕಿಗೆ ಬಿಟ್ಟು ನಾನು ಆರಾಮಾಗಿ ಕವಳ ಹಾಕ್ಕೊಂಡು ಕೂತಿದ್ದೆ. ಆ ಡಿಸ್ಕು ಹಳೇ ಫ್ಯಾಟ್32 ಫಾರ್ಮ್ಯಾಟಿಂದು, ಅದ್ರಲ್ಲಿ ಒಂದು ಫೈಲು 4 ಜಿಬಿ ದಾಟೋ ಹಾಗಿಲ್ಲ. ಲೆಕ್ಕ ಹಾಕು, ನಾಕು ಗಂಟೆ ಚಿಲ್ರೆಗೆ ತುಂಬಿತು, ಅಲ್ಲಿಗೇ ನಿಂತಿತು. ನಾನು ನೋಡಿದ್ದು ಬೆಳಗಿನ ಜಾವ, ಇಡೀ ರಾತ್ರಿಲಿ ಎಲ್ರೂ ಕಾಯ್ತಾ ಇದ್ದ ಸಂವಾದ ಮುಗಿದು ಅರ್ಧ ಗಂಟೆ ಆದ್ಮೇಲೆ. ಆ ದಿನ ಮನೆಗೆ ಹೆಂಗೆ ಬಂದೆ ಅಂತ ಕೇಳ್ಬೇಡ. ಅದ್ಕೇ ಡಿಸ್ಕು ಎಕ್ಸ್‌ಫ್ಯಾಟೋ ಎನ್‌ಟಿಎಫ್‌ಎಸ್ಸೋ ನೋಡ್ಕೋ, ಮತ್ತೆ ಪದ್ಯ ಪದ್ಯಕ್ಕೆ ಫೈಲು ಬೇರೆ ಮಾಡು.

ಗುಂಯ್ ಶಬ್ದ ಕರೆಂಟಿಂದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆ ಗುಂಯ್ ಅದು ಮತ್ತು ಅದರ ಮರಿಗಳು. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡು, ನಿಂತ್ರೆ ಮನೆ ಅರ್ಥಿಂಗ್ ಕತೆ. ಹಳೇ ಮನೆಲಿ ಎರಡು ಪಿನ್ನಿನ ಸಾಕೆಟ್ಟಿಗೆ ಅರ್ಥೇ ಇರೋದಿಲ್ಲ, ಇದ್ರೂ ಅರ್ಥ್ ಗುಂಡಿ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಹೋಗಿರ್ತದೆ. ನಮ್ಮನೆಲೇ ಬೇಸಿಗೆಲಿ ಗುಂಯ್ ಅಂದದ್ದು ಗುಂಡಿಗೆ ನಾಕು ಕೊಡ ನೀರು ಹಾಕಿದ್ಮೇಲೆ ಇಳೀತು. ಅರ್ಥ್ ಪಿನ್ನು ಕತ್ತರಿಸಿದ್ರೆ ಗುಂಯ್ ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರೆ ಮಾಡ್ಬೇಡ ಮಾರಾಯಾ, ಮೈಕು ಅಜ್ಜನ ಬಾಯಿ ಹತ್ರ ಇರ್ತದೆ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡಿಂಗ್ ಬೇಡ, ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರಂತೂ ಜೇನುಹುಳ ಎದ್ದ ಹಾಗೆ ಬರ್ತದೆ. ಇಂಟರ್‌ಫೇಸು ಯುಎಸ್‌ಬಿಯಿಂದ್ಲೇ ಓಡ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ತುಂಬ್ಸಿಟ್ಟು ಎಲ್ಲಾ ಪ್ಲಗ್ಗು ತೆಗೆದು ಮಾಡೋದೇ ಚೊಲೋ. ಬ್ಯಾಟರಿಲಿ ಓಡೋವಾಗ ಬ್ಯಾಟರಿ ಸೇವರ್ ಆನ್ ಆಗ್ದ ಹಾಗೆ ನೋಡ್ಕೋ ಅಷ್ಟೇ, ಆದ್ರೆ ಲ್ಯಾಪ್‌ಟಾಪ್ ಕುಂಟ್ತದೆ, ಮತ್ತೆ ಚಟ್.

ಈಗ ನೀನು ಕೇಳದೇ ಇದ್ದದ್ದು ಒಂದು ಹೇಳ್ತೇನೆ, ಸಿಟ್ಟು ಮಾಡ್ಬೇಡ. ಮೊದ್ಲು ಪದ್ಯ, ಆಮೇಲೆ ಮದ್ದಳೆ ಅನ್ನೋ ಈ ಪದ್ಧತಿನೇ ನಂಗೆ ಸರಿ ಕಾಣೋದಿಲ್ಲ. ಅದು ಸಿನಿಮಾ ಹಾಡಿಗೆ ಸರಿ. ಭಾಗವತ್ರು ಮದ್ದಳೆಯವನ ಕೈ ನೋಡಿ ಪದ್ಯ ಬೆಳೆಸೋರು, ಮದ್ದಳೆಯವ ಭಾಗವತ್ರ ಉಸಿರು ನೋಡಿ ಮುಕ್ತಾಯ ಕೊಡೋನು. ಎದುರಿಗೆ ಮದ್ದಳೆ ಇಲ್ದೆ ಅಜ್ಜ ಹಾಡಿದ್ರೆ ಪದ್ಯ ಓದಿದ ಹಾಗೆ ಆಗ್ತದೆ, ಅವರಿಗೂ ಖುಷಿ ಬರೋದಿಲ್ಲ. ಮೆಟ್ರೋನೋಮ್ ಕ್ಲಿಕ್ ಅಂತೂ ಅಜ್ಜನ ಕಿವಿಗೆ ಹಾಕ್ಲೇಬೇಡ, ಕಾಲ ಏರಿಸೋದೇ ಅವರ ಕಸುಬು, ಅದಕ್ಕೆ ಕ್ಲಿಕ್ ಬೇಲಿ ಹಾಕಿದ ಹಾಗೆ. ನಿನ್ನ ಪೆಟ್ಟಿಗೆಲಿ ಎರಡು ಇನ್‌ಪುಟ್ ಇದೆ. ಒಂದಕ್ಕೆ ಅಜ್ಜನ ಕಂಡೆನ್ಸರು, ಇನ್ನೊಂದಕ್ಕೆ ಒಂದು ಸಾದಾ ಡೈನಮಿಕ್ ಮೈಕು, ಊರಲ್ಲಿ ಭಜನೆಗೆ ಇಡೋದು ಇರ್ತದಲ್ಲ ಅದನ್ನೇ ಕೇಳಿ ತಗೊಂಡು ಬಾ, ಮದ್ದಳೆಗೆ. ಇಬ್ರೂ ಒಟ್ಟಿಗೆ ಕೂತು ಒಂದೇ ಸಲ ರೆಕಾರ್ಡ್ ಮಾಡಿ. ಕಂಡೆನ್ಸರ್ ಮೈಕಿಗೆ ಕರೆಂಟು ಕೊಡೋ 48 ವೋಲ್ಟಿನ ಫ್ಯಾಂಟಮ್ ಬಟನ್ ಎರಡಕ್ಕೂ ಒಂದೇ ಇದ್ರೆ ಹೆದರಿಕೆ ಬೇಡ, ಕೇಬಲ್ ಸರಿಯಾದ ಎಕ್ಸ್‌ಎಲ್‌ಆರ್ ಆಗಿದ್ರೆ ಡೈನಮಿಕ್ ಮೈಕಿಗೆ ಎಂತ ಆಗೋದಿಲ್ಲ.

ಕೂರೋದು ಹೆಂಗೆ ಅಂದ್ರೆ ಎದುರೆದುರು, ನಡುವೆ ಎರಡು ಮೊಳ. ಅಜ್ಜನ ಮೈಕು ಬಾಯಿಂದ ಒಂದೂವರೆ ಎರಡು ಗೇಣು, ನೇರ ಬಾಯಿಗೆ ಅಲ್ಲ, ಚೂರು ಮೇಲೆ ಹಣೆ ಮಟ್ಟದಿಂದ ಕೆಳಗೆ ನೋಡ್ಲಿ, ಆಗ ಪ ಭ ಅಂದಾಗ ಗಾಳಿ ಹೊಡೆಯೋದಿಲ್ಲ. ಮೈಕಿನ ಬೆನ್ನು ಮದ್ದಳೆ ಕಡೆಗಿರ್ಲಿ. ಮದ್ದಳೆ ಮೈಕು ಬಲದ ಮುಚ್ಚಿಗೆಯಿಂದ ಒಂದು ಮೊಳ. ಅಜ್ಜನ ಮೈಕಲ್ಲಿ ಮದ್ದಳೆ ಚೂರು ಕೇಳ್ತದೆ, ಕೇಳ್ಲಿ ಬಿಡು, ಜಗಲಿಲಿ ಕೂತು ಕೇಳಿದ್ರೂ ಹಾಗೇ ಕೇಳೋದು. ಲೆವೆಲ್ಲು ನೋಡೋವಾಗ ಅಜ್ಜನ ಹತ್ರ "ಹಲೋ ಹಲೋ" ಹೇಳಿಸ್ಬೇಡ, ಅವರು ಯಾವ್ದರಲ್ಲಿ ಅತೀ ಎತ್ತರಕ್ಕೆ ಹೋಗ್ತಾರೋ ಆ ಪದ್ಯದ ಏರು ಸಾಲೇ ಹೇಳಿಸು, ಮೀಟರ್ ಮೈನಸ್ 12 ಡೆಸಿಬಲ್ಲಿನ ಆಸುಪಾಸು ಇರೋ ಹಾಗೆ ಗೇನ್ ಇಡು. ಆಮೇಲೆ ಹುಮ್ಮಸ್ಸು ಬಂದಾಗ ಮೈನಸ್ 6ರವರೆಗೆ ಹೋಗ್ತದೆ, ಹೋಗ್ಲಿ. ಸೊನ್ನೆ ಮುಟ್ಟಿದ್ರೆ ಆ ಚಪ್ಪಟೆ ತಲೆ, ಅದನ್ನ ಯಾವ ಸಾಫ್ಟ್‌ವೇರೂ ವಾಪಸ್ ತರೋದಿಲ್ಲ. 24 ಬಿಟ್ಟಲ್ಲಿ ಕಮ್ಮಿ ಲೆವೆಲ್ಲಿಗೆ ಮಾಡಿ ಆಮೇಲೆ ಏರಿಸಿದ್ರೆ ಒಂಚೂರೂ ನಷ್ಟ ಇಲ್ಲ.

ಕೋಣೆ ಯಾವುದು ಅಂತ ನೀನು ಬರ್ದಿಲ್ಲ. ಅಡಿಕೆ ಮೂಟೆ ಒಟ್ಟಿದ ಕೋಣೆ ಇದ್ರೆ ಅದೇ ನಿನ್ನ ಸ್ಟುಡಿಯೋ. ನಿಜ ಹೇಳ್ತೇನೆ, ಮೂಟೆ, ಕಂಬಳಿ, ಹಾಸಿಗೆ ಸುರುಳಿ ಇದ್ದ ಕಡೆ ಸ್ವರ ಗೋಡೆಗೆ ಹೊಡೆದು ವಾಪಸ್ ಬರೋದಿಲ್ಲ. ಟೈಲ್ಸ್ ಹಾಕಿದ ಹೊಸಾ ಹಾಲ್ ಬೇಡವೇ ಬೇಡ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಅನ್ನೋದು ಮರ್ತು ಬಿಡು. ನಾಯ್ಸ್ ರಿಡಕ್ಷನ್ ಇದೆಯಲ್ಲ ಅಂತೀಯ, ಅದು ಫ್ಯಾನಿನ ಹಾಗೆ ಒಂದೇ ಸಮ ಇರೋ ಶಬ್ದಕ್ಕೆ ಮಾತ್ರ ಕೆಲಸಕ್ಕೆ ಬರೋದು, ಅದೂ 6 ರಿಂದ 8 ಡೆಸಿಬಲ್ ದಾಟಿಸ್ಬೇಡ, ಜಾಸ್ತಿ ಎಳೆದ್ರೆ ತಾಳದ ಇಂಪು ಸತ್ತು ಅಜ್ಜ ಹೊಳೆ ಒಳಗೆ ಕೂತು ಹಾಡಿದ ಹಾಗೆ ಆಗ್ತದೆ. ಪ್ರತಿ ಸಲ ಶುರುಗೆ ಹತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ನೆ ಕೂತು ಖಾಲಿ ಕೋಣೆ ರೆಕಾರ್ಡ್ ಮಾಡ್ಕೋ, ಆ ನಾಯ್ಸ್ ಪ್ರೊಫೈಲಿಗೆ ಬೇಕಾಗ್ತದೆ. ಕಂಡೆನ್ಸರ್ ಮೈಕಿಗೆ ಥಂಡಿ ತಾಗ್ಬಾರ್ದು, ಕೆಲಸ ಮುಗಿದ ಕೂಡ್ಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡು.

ಹತ್ತು ಸೆಕೆಂಡ್ ಆದ್ಮೇಲೆ ನೀನೇ ಬಾಯಿಂದ ಹೇಳು, ತಾರೀಕು, ಪ್ರಸಂಗ, ಪದ್ಯದ ಮೊದಲ ಸಾಲು, ರಾಗ, ತಾಳ ಅಷ್ಟವೋ ಝಂಪೆಯೋ, ಎಷ್ಟನೇ ಸಲ. ಫೈಲಿನ ಹೆಸರು ಯಾರಾದ್ರೂ ಬದಲಿಸಿದ್ರೂ ಈ ಮಾತು ಒಳಗೇ ಇರ್ತದೆ. ರೀಪರಲ್ಲಿ ಎರಡು ಟ್ರ್ಯಾಕು, ಹೆಸರು, ಲೆವೆಲ್ಲು, 48,000 ಎಲ್ಲ ಒಂದ್ಸಲ ಸರಿ ಮಾಡಿ ಪ್ರಾಜೆಕ್ಟ್ ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ಕೋ, ಅಜ್ಜಂಗೆ ಮೂಡ್ ಬಂದಾಗ ಲ್ಯಾಪ್‌ಟಾಪ್ ತೆಗೆದು ಎರಡು ನಿಮಿಷಕ್ಕೆ ಶುರು ಆಗ್ಬೇಕು. ಅವರು ಕಾಯ್ತಾ ಕೂತು ಸುಸ್ತಾದ್ಮೇಲೆ ಕಂಟ್ರೋಲ್ ಆರ್ ಒತ್ತಿ ಎಂತ ಪ್ರಯೋಜನ. ಪದ್ಯ ಪದ್ಯದ ನಡುವೆ ನಿಲ್ಲಿಸ್ಲೂ ಬೇಡ. ಎಲೆಗೆ ಸುಣ್ಣ ಹಚ್ತಾ "ಈ ಪದ್ಯ ನಮ್ಮ ಗುರುಗಳು ಹೀಗಲ್ಲ, ಹೀಗೆ ಹೇಳ್ತಿದ್ರು" ಅಂತ ಒಂದು ಸಾಲು ಗುನುಗ್ತಾರಲ್ಲ, ಅದು ಮತ್ತೆ ಕೇಳಿದ್ರೆ ಬರೋದಿಲ್ಲ. ಎಂ ಒತ್ತಿದ್ರೆ ಅಲ್ಲೊಂದು ಮಾರ್ಕರ್ ಬೀಳ್ತದೆ, ಆಮೇಲೆ ಅದನ್ನ ಹಿಡ್ಕೊಂಡು ಕತ್ತರಿಸು.

ಒಂದು ವಿಷ್ಯ ತುಂಬಾ ಜನ ಎಡವೋದು. ರೀಪರಿನ ಪ್ರಾಜೆಕ್ಟ್ ಫೈಲಲ್ಲಿ ಶಬ್ದ ಇರೋದಿಲ್ಲ, ಯಾವ ಶಬ್ದ ಎಲ್ಲಿದೆ ಅನ್ನೋ ನಕ್ಷೆ ಮಾತ್ರ ಇರ್ತದೆ. ಅದೊಂದನ್ನೇ ಪೆನ್‌ಡ್ರೈವಿಗೆ ಹಾಕ್ಕೊಂಡು ನನ್ನ ಹತ್ರ ಬಂದು "ಅಣ್ಣಾ ಎಲ್ಲಾ ಖಾಲಿ ಇದೆ" ಅನ್ನೋರನ್ನ ಎಷ್ಟು ಜನ ನೋಡಿದ್ದೇನೋ. ಸೇವ್ ಆಸ್ ಮಾಡೋವಾಗ ಕೆಳಗೆ ಮೀಡಿಯಾನೂ ಪ್ರಾಜೆಕ್ಟ್ ಫೋಲ್ಡರಿಗೆ ಕಾಪಿ ಮಾಡೋ ಟಿಕ್ ಇದೆ, ಹಾಕು, ಮತ್ತೆ ಇಡೀ ಫೋಲ್ಡರ್ ಕಾಪಿ ಮಾಡು. ಒಂದು ಲ್ಯಾಪ್‌ಟಾಪಲ್ಲಿ, ಒಂದು ಡಿಸ್ಕಲ್ಲಿ, ಇನ್ನೊಂದು ಮನೆ ಬಿಟ್ಟು ಬೇರೆ ಕಡೆ, ಕಾರವಾರಲ್ಲೋ ಬೆಂಗ್ಳೂರಲ್ಲೋ ಇರೋ ನಿಮ್ಮ ಚಿಕ್ಕಪ್ಪನ ಮನೆಲಿ ಇರ್ಲಿ.

ಸಾಫ್ಟ್‌ವೇರ್ ಪ್ರಶ್ನೆಗೆ ಉತ್ತರ ಹೇಳೇ ಇಲ್ಲ ಅಲ್ವಾ. ರೀಪರ್ 60 ದಿನ ಪೂರ್ತಿ ಬಳಸ್ಲಿಕ್ಕೆ ಬಿಡ್ತದೆ, ಆಮೇಲೆ ನಮ್ಮಂಥವರಿಗೆ 60 ಡಾಲರಿನ ಲೈಸೆನ್ಸು. ಬೇಕು ಅನ್ನಿಸಿದ್ರೆ ಅದನ್ನೇ ತಗೋ, ಬದಲಿಸೋಕೆ ಹೋಗ್ಬೇಡ.

ನಾಳೆ ಪಿನ್ನು ಬದಲಿಸಿ, ಆಸಿಯೋ ಹಾಕಿ, ಅಜ್ಜ ನೀನು ಎದುರೆದುರು ಕೂತು ಒಂದೇ ಒಂದು ಪದ್ಯ ಮಾಡಿ ನಂಗೆ ಕಳ್ಸು. ವಾಟ್ಸಾಪಲ್ಲಿ ಕಳ್ಸೋವಾಗ ಡಾಕ್ಯುಮೆಂಟ್ ಅಂತ ಕಳ್ಸು, ವೇವ್ ಫೈಲು ಹಾಗೇ ಬರ್ತದೆ. ಎರಡು ಟ್ರ್ಯಾಕು ಬೇರೆ ಬೇರೆ ಇರ್ಲಿ, ಹತ್ತು ಸೆಕೆಂಡ್ ಖಾಲಿ ಕೋಣೆನೂ ಇರ್ಲಿ. ಎಫೆಕ್ಟ್ ಎಂತದೂ ಹಾಕ್ಬೇಡ.